ಕೇಬಲ್ಲಿಗೆ 38 ಸಾವಿರ, ಕಿವಿಗೆ ಎಷ್ಟು?

ಹಳೇ ಆಂಪ್ಲಿಫೈಯರ್ ರಿಪೇರಿ ಬಗ್ಗೆ ಬರೆಯುವಾಗ ಕೊನೆಗೆ ಸುಮ್ನೆ ಒಂದು ಸಾಲು ಸೇರಿಸಿದ್ದೆ, "ಕೇಬಲ್ ಕಥೆ ಇನ್ನೊಮ್ಮೆ ನೋಡೋಣ" ಅಂತ. ಅದೇ ನನ್ನ ಕೊರಳಿಗೆ ಬಂತು. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ವೈರಿನದೇ. ಮೊದಲ ಪತ್ರಕ್ಕೆ ಉತ್ತರ ಉದ್ದವಾಗಿದೆ, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನನ್ನ ಹತ್ತಿರ ಒಂದು ಸಾಧಾರಣ ಸ್ಟೀರಿಯೊ ಆಂಪ್ಲಿಫೈಯರ್, ಎರಡು ಸಣ್ಣ ಸ್ಪೀಕರ್ ಇವೆ. ಎಲ್ಲ ಸೇರಿ 45 ಸಾವಿರ ಆಗಿತ್ತು. ಮೊನ್ನೆ ಬೆಂಗಳೂರಿಗೆ ಹೋದಾಗ ಅಂಗಡಿಯವರು 38 ಸಾವಿರದ ಸ್ಪೀಕರ್ ಕೇಬಲ್ ತೋರಿಸಿದರು. ಬೆಳ್ಳಿ ಲೇಪನ, ಆಕ್ಸಿಜನ್ ತೆಗೆದ ತಾಮ್ರ, ಹಾವಿನಷ್ಟು ದಪ್ಪ. ನನ್ನ ಗೆಳೆಯ ಹಾಕಿಸಿಕೊಂಡಿದ್ದಾನೆ, ಹಗಲು ರಾತ್ರಿಯಷ್ಟು ವ್ಯತ್ಯಾಸ ಇದೆ ಎಂದು ಆಣೆ ಮಾಡುತ್ತಾನೆ. ನಿಜವಾಗಲೂ ಧ್ವನಿ ಚೆನ್ನಾಗಿ ಆಗುತ್ತದಾ? — ಗಾಂಧಿನಗರ, ಬಳ್ಳಾರಿ

ಉತ್ತರ: ಕೊಳ್ಳಬೇಡಿ. ಆದರೆ ನಿಮ್ಮ ಗೆಳೆಯ ಸುಳ್ಳು ಹೇಳುತ್ತಿದ್ದಾನೆ ಎಂದೂ ಅಂದುಕೊಳ್ಳಬೇಡಿ. ಅವನಿಗೆ ವ್ಯತ್ಯಾಸ ಕೇಳಿಸಿರಬಹುದು. ಅದು ಬಂದದ್ದು ಎಲ್ಲಿಂದ ಅನ್ನುವುದೇ ಬೇರೆ ಕಥೆ.

ನನಗೇ ಆದದ್ದು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಸತ್ಯನಾರಾಯಣಪೇಟೆಯ ಗೆಳೆಯರೊಬ್ಬರು ಭಾನುವಾರ ಬೆಳಿಗ್ಗೆ ಫೋನ್ ಮಾಡಿ, ಹೊಸ ಕೇಬಲ್ ಬಂದಿದೆ, ಬಂದು ಕೇಳು, ಆಮೇಲೆ ಮಾತಾಡು ಎಂದರು. 22 ಸಾವಿರದ್ದು. ಒಗ್ಗರಣೆ-ಮಿರ್ಚಿ ತರಿಸಿದ್ದರು, ಹಾಗಾಗಿ ನಾನೂ ಒಳ್ಳೆ ಮನಸ್ಸಿನಿಂದಲೇ ಕೂತೆ. ಹಾಡು ಹಾಕಿದರು. ನಿಜ ಹೇಳಬೇಕು ಅಂದರೆ ನನಗೆ ಆಶ್ಚರ್ಯವಾಯಿತು. ಅದೇ ಸ್ಪೀಕರ್, ಅದೇ ಕೋಣೆ, ನಾನು ಹತ್ತಾರು ಸಲ ಕೇಳಿದ್ದು. ಮೊದಲು ತಬಲಾದ ಎಡಗೈ ಪೆಟ್ಟು ಎಲ್ಲೋ ಪಕ್ಕದ ಮನೆಯಲ್ಲಿ ಬಾರಿಸಿದ ಹಾಗೆ ಇರುತ್ತಿತ್ತು. ಈಗ ಎದುರಿಗೇ ಕೂತು ಬಾರಿಸುತ್ತಿದ್ದಾರೆ. ಹಾಡುವವರು ನಟ್ಟ ನಡುವೆ ನಿಂತಿದ್ದಾರೆ. ಗೆಳೆಯರು ನನ್ನ ಮುಖವನ್ನೇ ನೋಡುತ್ತಿದ್ದರು, ಈಗೇನಂತೀಯ ಅನ್ನುವ ಹಾಗೆ.

ಹಳೇ ವೈರ್ ಎಲ್ಲಿ ಎಂದು ಕೇಳಿದೆ. ಅಲಮಾರಿ ಹಿಂದೆ ಸುರುಳಿ ಸುತ್ತಿ ಇಟ್ಟಿದ್ದರು. ಯಾವುದೋ ಕಾಲದಲ್ಲಿ ಕೌಲ್ ಬಜಾರಿನಲ್ಲಿ ಮೀಟರ್ ಲೆಕ್ಕದಲ್ಲಿ ತಂದ ಕೆಂಪು-ಕಪ್ಪು ವೈರು. ತುದಿ ಬೆಳಕಿಗೆ ಹಿಡಿದು ನೋಡಿದೆ. ತಾಮ್ರ ಕಪ್ಪಾಗಿ ಅಲ್ಲಲ್ಲಿ ಪಾಚಿ ಬಣ್ಣ ಬಂದಿತ್ತು. ಎಳೆಗಳಲ್ಲಿ ಮುಕ್ಕಾಲು ಪಾಲು ಮುರಿದು ಹೋಗಿ, ಏಳೆಂಟು ಎಳೆ ಮಾತ್ರ ಸ್ಕ್ರೂ ಕೆಳಗೆ ಕಚ್ಚಿಕೊಂಡಿದ್ದ ಗುರುತಿತ್ತು. ಅದಕ್ಕಿಂತ ದೊಡ್ಡದು ಇನ್ನೊಂದು. ಗುರುತಿಗೆ ಅಂತ ತುದಿಗೆ ಅವರೇ ಟೇಪ್ ಸುತ್ತಿದ್ದರು, ಎಡಗಡೆಯ ವೈರಿಗೆ ಮಾತ್ರ ಟೇಪ್ ಉಲ್ಟಾ. ಅಂದರೆ ವರ್ಷಗಟ್ಟಲೆ ಒಂದು ಸ್ಪೀಕರ್ ಪ್ಲಸ್‌ಗೆ ಮೈನಸ್ ಹಾಕಿಕೊಂಡು ಕೂತಿತ್ತು. ಒಂದು ಸ್ಪೀಕರಿನ ಕೋನ್, ಅಂದರೆ ಅದುರುವ ಬಟ್ಟಲು, ಮುಂದೆ ತಳ್ಳುವಾಗ ಇನ್ನೊಂದರದ್ದು ಹಿಂದೆ ಎಳೆಯುತ್ತದೆ. ಇದು ತಳ್ಳಿದ ಗಾಳಿಯನ್ನು ಅದು ನುಂಗುತ್ತದೆ. ಮೊದಲು ಸಾಯುವುದೇ ಬೇಸ್, ತಬಲಾದ ಎಡಗೈಯಂಥ ತಗ್ಗಿನ ದನಿ, ಅಲ್ವಾ.

ಎರಡೂ ತುದಿಯಲ್ಲಿ ಎರಡೆರಡು ಇಂಚು ಕತ್ತರಿಸಿ, ಹೊಸದಾಗಿ ಸಿಪ್ಪೆ ಬಿಡಿಸಿ, ಪ್ಲಸ್‌ಗೆ ಪ್ಲಸ್ ಹಾಕಿ ಅದೇ ಹಳೇ ವೈರನ್ನು ಜೋಡಿಸಿದೆ. ಅದೇ ಹಾಡು. ತಬಲಾ ಎದುರಿಗೇ ಬಂತು. ಗೆಳೆಯರು ಮಿರ್ಚಿ ತಿನ್ನುವುದು ಬಿಟ್ಟು ಸುಮ್ಮನಾದರು.

ಆದರೂ ಒಪ್ಪಲಿಲ್ಲ. ಇಲ್ಲ, ಹೊಸದರಲ್ಲಿ ಏನೋ ಜಾಸ್ತಿ ನುಣುಪು ಇದೆ ಎಂದರು. ಸರಿ, ಪರೀಕ್ಷೆ ಮಾಡೋಣ ಎಂದೆ. ಸ್ಪೀಕರಿನ ಹಿಂದೆ ಏನು ನಡೆಯುತ್ತದೆ ಎಂದು ಕಾಣದ ಹಾಗೆ ಒಂದು ಸೀರೆ ಕಟ್ಟಿದೆವು. ಅವರ ಮಗಳು ಸೀರೆ ಹಿಂದೆ. ಪ್ರತಿ ಸಲ ನಾಣ್ಯ ಚಿಮ್ಮಬೇಕು, ತಲೆ ಬಿದ್ದರೆ ಹೊಸದು, ಹೂ ಬಿದ್ದರೆ ಹಳೇದು, ಚೀಟಿಯಲ್ಲಿ ಬರೆದುಕೊಳ್ಳಬೇಕು, ಬಾಯಿ ಬಿಡಬಾರದು. ಮೊದಲಿನದೇ ಮತ್ತೆ ಬಂದರೂ ಬಿಚ್ಚಿ ಹಾಕಿದ ಹಾಗೆ ಸದ್ದು ಮಾಡಬೇಕು, ಇಲ್ಲದಿದ್ದರೆ ಅದೇ ಸುಳಿವು. ನಾನು ಅವಳ ಮುಖವನ್ನೂ ನೋಡದ ಹಾಗೆ ಕಿಟಕಿ ಕಡೆ ತಿರುಗಿ ಕೂತೆ. 16 ಸಲ ಮಾಡಿದೆವು, ಮಧ್ಯಾಹ್ನ ಊಟ ತಪ್ಪಿತು. ಗೆಳೆಯರಿಗೆ 9 ಸರಿ, ನನಗೆ 7. ಕಿವಿ ಮುಚ್ಚಿಕೊಂಡು ಹೇಳಿದ್ದರೂ 8ರ ಸುತ್ತಮುತ್ತ ಬರುತ್ತಿತ್ತು. 16ರಲ್ಲಿ 12 ಅಥವಾ ಅದಕ್ಕಿಂತ ಜಾಸ್ತಿ ಸರಿ ಬಂದರೆ ಆಗ ಏನೋ ಕೇಳಿಸುತ್ತಿದೆ ಎಂದು ಒಪ್ಪಬಹುದು. ಯಾಕೆಂದರೆ ಬರೀ ಊಹೆಯಿಂದ ಅಷ್ಟು ಬರುವುದು ನೂರಕ್ಕೆ ನಾಲ್ಕು ಸಲ ಮಾತ್ರ.

ಅವರು ಹೊಸ ಕೇಬಲ್ಲನ್ನೇ ಇಟ್ಟುಕೊಂಡರು. ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದರಂತೆ.

ಹೀಗೇ ಆಗುವುದು. ಹೊಸ ಕೇಬಲ್ ಹಾಕುವಾಗ ಹಳೇದನ್ನು ಬಿಚ್ಚುತ್ತೇವೆ, ಸಾಕೆಟ್ಟಿನ ಧೂಳು ಉಜ್ಜಿ ಹೋಗುತ್ತದೆ, ಹೊಸ ತುದಿ ಬಿಗಿಯಾಗಿ ಕೂರುತ್ತದೆ, ಪ್ಲಸ್ ಮೈನಸ್ ಈ ಸಲ ಸರಿಯಾಗಿ ಬೀಳುತ್ತದೆ. ಧ್ವನಿ ಸುಧಾರಿಸುತ್ತದೆ. ಕೆಲಸ ಮಾಡಿದ್ದು ಸ್ಕ್ರೂಡ್ರೈವರ್, ಹೆಸರು ಬಂದದ್ದು ಬೆಳ್ಳಿಗೆ. ನಮ್ಮ ಊರಿನ ಧೂಳು ನಿಮಗೆ ಗೊತ್ತೇ ಇದೆ, ಬೆಳಿಗ್ಗೆ ಒರೆಸಿದ ಟೇಬಲ್ ಮೇಲೆ ಸಂಜೆ ಬೆರಳಲ್ಲಿ ಹೆಸರು ಬರೆಯಬಹುದು. ಅದು ಸಾಕೆಟ್ಟಿನೊಳಗೆ ಹೋಗದೆ ಇರುತ್ತದಾ?

ಇನ್ನು ಬೆಳ್ಳಿ. ಬೆಳ್ಳಿ ತಾಮ್ರಕ್ಕಿಂತ ಚೆನ್ನಾಗಿ ಕರೆಂಟ್ ಹರಿಸುತ್ತದೆ, ಸುಳ್ಳಲ್ಲ. ಎಷ್ಟು ಚೆನ್ನಾಗಿ? ನೂರಕ್ಕೆ ಆರರಷ್ಟು. ತಾಮ್ರದ ವೈರನ್ನು ಒಂದು ಚೂರು ದಪ್ಪ ತೆಗೆದುಕೊಂಡರೆ ಅದು ಸರಿಹೋಯಿತು. ಅದೂ ಪೂರ್ತಿ ಬೆಳ್ಳಿಯ ವೈರಿನ ಲೆಕ್ಕ, ಲೇಪನದ್ದಲ್ಲ. ಆಕ್ಸಿಜನ್ ತೆಗೆದ ತಾಮ್ರ ಮಾಮೂಲಿ ಒಳ್ಳೆ ತಾಮ್ರಕ್ಕಿಂತ ನೂರಕ್ಕೆ ಒಂದರಷ್ಟು ಮೇಲು. ನಿಮ್ಮ ಸ್ಪೀಕರ್ 8 ಓಂ ಎಂದಿಟ್ಟುಕೊಳ್ಳಿ, ಓಂ ಅಂದರೆ ಕರೆಂಟಿಗೆ ಎದುರಾಗುವ ಅಡ್ಡಿಯ ಅಳತೆ. ಮನೆ ವೈರಿಂಗಿಗೆ ಬಳಸುವ 2.5 ಚದರ ಮಿಲಿಮೀಟರ್ ತಾಮ್ರದ ವೈರು ಮೀಟರಿಗೆ ಸುಮಾರು 7 ಮಿಲಿಓಂ. ಮೂರು ಮೀಟರ್ ದೂರ, ಹೋಗಿ ಬರುವುದು ಆರು ಮೀಟರ್, ಒಟ್ಟು 42 ಮಿಲಿಓಂ. ಅಂದರೆ 8 ಓಂ ಎದುರು 0.042 ಓಂ. ಸ್ಪೀಕರ್ ಒಳಗೆ ಸುತ್ತಿದ ಸುರುಳಿ ಇರುತ್ತದಲ್ಲ, ಅದು ಕೂದಲೆಳೆಯ ಹಾಗೆ ಸಣ್ಣ ತಂತಿ. ಅಷ್ಟೆಲ್ಲ ದಾಟಿ ಹೋಗಬೇಕಾದ ಸಿಗ್ನಲ್ಲಿಗೆ ಹೊರಗಿನ ಮೂರು ಮೀಟರ್ ಮಾತ್ರ ರಾಜಬೀದಿ ಮಾಡಿಕೊಟ್ಟರೆ ಏನು ಬಂತು.

ಅಮೆರಿಕದಲ್ಲಿ 2007ರಲ್ಲಿ ಜೇಮ್ಸ್ ರಾಂಡಿ ಇದಕ್ಕೇ ಸವಾಲು ಹಾಕಿದ್ದರು. ಮೊದಲು ಜಾದೂಗಾರ, ಆಮೇಲೆ ಪವಾಡಗಳ ಬಣ್ಣ ಬಯಲು ಮಾಡುವುದನ್ನೇ ಕಸುಬು ಮಾಡಿಕೊಂಡವರು. 7,250 ಡಾಲರಿನ ಸ್ಪೀಕರ್ ಕೇಬಲ್ಲನ್ನು ಸಾಮಾನ್ಯ ಒಳ್ಳೆ ಕೇಬಲ್ಲಿನಿಂದ ಕಣ್ಣಿಗೆ ಕಾಣದ ಹಾಗೆ ಬರೀ ಕಿವಿಯಿಂದ ಗುರುತಿಸಿದವರಿಗೆ ಹತ್ತು ಲಕ್ಷ ಡಾಲರ್. ಕೇಬಲ್ ಬೆಲೆ ಆಗಿನ ಲೆಕ್ಕಕ್ಕೆ ಹತ್ತಿರತ್ತಿರ ಮೂರು ಲಕ್ಷ ರೂಪಾಯಿ. ಸಾಕಷ್ಟು ಮಾತುಕತೆ ಆಯಿತು, ಪರೀಕ್ಷೆ ಮಾತ್ರ ನಡೆಯಲೇ ಇಲ್ಲ. ದುಡ್ಡು ಅಲ್ಲೇ ಉಳಿಯಿತು.

ನಿಮ್ಮ 38 ಸಾವಿರ ನಿಮ್ಮ ಹತ್ತಿರವೇ ಇರಲಿ. ಖರ್ಚು ಮಾಡಲೇಬೇಕು ಎಂದು ಕೈ ತುರಿಸುತ್ತಿದ್ದರೆ ಇನ್ನೂ ಒಳ್ಳೆ ಸ್ಪೀಕರ್ ತನ್ನಿ, ಅದು ಕಿವುಡನಿಗೂ ಕೇಳಿಸುತ್ತದೆ. ಅದಕ್ಕೂ ಮೊದಲು ಕೋಣೆ ನೋಡಿ. ನಮ್ಮ ಕಡೆ ಮನೆಗಳಲ್ಲಿ ಕೆಳಗೆ ಕಡಪ ಕಲ್ಲು ಇಲ್ಲ ಟೈಲ್ಸ್, ಮೇಲೆ ಆರ್‌ಸಿಸಿ, ನಾಲ್ಕೂ ಕಡೆ ಬೋಳು ಗೋಡೆ. ಚಪ್ಪಾಳೆ ಹೊಡೆದು ನೋಡಿ, ಝಣ್ ಅನ್ನುತ್ತದಲ್ಲ, ನಿಮ್ಮ ಹಾಡೆಲ್ಲ ಅದರೊಳಗೇ ಈಜಬೇಕು. ಅಜ್ಜಿ ಹೊಲಿದ ದಪ್ಪ ಕೌದಿ ಟ್ರಂಕಿನಲ್ಲಿ ಇದ್ದರೆ ಎರಡನ್ನು ನೀವು ಕೂರುವ ಜಾಗದ ಹಿಂದಿನ ಗೋಡೆಗೆ ನೇತು ಹಾಕಿ, ನೆಲಕ್ಕೆ ಒಂದು ಜಮಖಾನ ಹಾಸಿ. ಸ್ಪೀಕರನ್ನು ಮೂಲೆಯಿಂದ ಒಂದೆರಡು ಅಡಿ ಮುಂದೆ ಎಳೆಯಿರಿ. ಮನೆಯಲ್ಲಿ ಬೈಸಿಕೊಂಡರೆ ನನ್ನ ಹೆಸರು ಹೇಳಬೇಡಿ.

ಪ್ರಶ್ನೆ: ನಮ್ಮದು ಭಜನಾ ಮಂಡಳಿ. ಮೈಕಿನಿಂದ ಮಿಕ್ಸರ್‌ವರೆಗೆ (ಮೈಕುಗಳ ಧ್ವನಿ ಬೆರೆಸುವ ಪೆಟ್ಟಿಗೆ) 25 ಮೀಟರ್ ಕೇಬಲ್ ಇದೆ. ಯಾವಾಗಲೂ ಝೂಂ ಅಂತ ಶಬ್ದ. ಚಿನ್ನದ ಲೇಪನದ ಪಿನ್ ಇರುವ ಕೇಬಲ್ ಹಾಕಿದರೆ ಹೋಗುತ್ತದೆ ಎನ್ನುತ್ತಾರೆ. ಒಬ್ಬರು ಅರ್ಥ್ ಪಿನ್ ಮುರಿದು ಹಾಕಿ ಎಂದರು. ಏನು ಮಾಡಲಿ? — ರಾಯಚೂರು

ಉತ್ತರ: ಮೊದಲು ಎರಡನೆಯದು. ಅರ್ಥ್ ಪಿನ್ ಮುರಿಯಬೇಡಿ. ಯಾರೇ ಹೇಳಿದರೂ ಮುರಿಯಬೇಡಿ. ಒಳಗೆ ಎಲ್ಲಾದರೂ ಲೀಕ್ ಆದರೆ ಕರೆಂಟು ಮೈಕ್ ಹಿಡಿದವರ ಕೈಯಿಂದಲೇ ಹೋಗುತ್ತದೆ. ಹಿಡಿದವರ ಕಾಲು ಬರಿಗಾಲು, ದೇವಸ್ಥಾನದ ನೆಲ ಒದ್ದೆ. ಝೂಂ ಶಬ್ದ ಹೋಗದಿದ್ದರೂ ಪರವಾಗಿಲ್ಲ.

ಈಗ ಕೇಬಲ್. ಮೇಲಿನವರಿಗೆ ವೈರಿನಲ್ಲಿ ಏನೂ ಇಲ್ಲ ಎಂದೆ, ನಿಮಗೆ ವೈರಿನಲ್ಲೇ ಎಲ್ಲ ಇದೆ ಎನ್ನುತ್ತೇನೆ. ಸ್ಪೀಕರಿಗೆ ಹೋಗುವ ಸಿಗ್ನಲ್ ಬಲವಾದದ್ದು. ಮೈಕಿನಿಂದ ಬರುವುದು ಒಂದು ವೋಲ್ಟಿನ ಸಾವಿರದ ಕೆಲವೇ ಭಾಗ. ಪಕ್ಕದಲ್ಲಿ ಸೀರಿಯಲ್ ಲೈಟಿನ ವೈರು ಹೋಗಿದ್ದರೂ ಅದರ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನು ಈ ಕೇಬಲ್ ಎಳೆದುಕೊಳ್ಳುತ್ತದೆ. ನಿಮ್ಮ ಕೇಬಲ್ಲಿನ ತುದಿಯಲ್ಲಿ ದಪ್ಪ ಒಂಟಿ ಜ್ಯಾಕ್ ಇದೆಯಾ, ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಇದೆಯಾ ಬರೆದಿಲ್ಲ. ಒಂಟಿ ಜ್ಯಾಕ್ ಇರಬೇಕು, ಪಂದ್ಯ ಕಟ್ಟುತ್ತೇನೆ. ಅದರೊಳಗೆ ಸಿಗ್ನಲ್ ವೈರು ಒಂದೇ. ಮೂರು ಪಿನ್ನಿನದರಲ್ಲಿ ಎರಡು ಇರುತ್ತವೆ. ಮೈಕಿನ ಸಿಗ್ನಲ್ ಒಂದರಲ್ಲಿ ಸೀದಾ, ಇನ್ನೊಂದರಲ್ಲಿ ಉಲ್ಟಾ. ದಾರಿಯಲ್ಲಿ ಸೇರುವ ಗದ್ದಲ ಮಾತ್ರ ಎರಡಕ್ಕೂ ಒಂದೇ ಥರ. ಮಿಕ್ಸರ್ ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ಗದ್ದಲದಿಂದ ಗದ್ದಲ ಕಳೆದರೆ ಸೊನ್ನೆ. ಹಾಡು ಉಳಿಯುತ್ತದೆ. ಇದಕ್ಕೆ ಬ್ಯಾಲೆನ್ಸ್ಡ್ ಕೇಬಲ್ ಎಂದು ಹೆಸರು. ಚಿನ್ನ ಬೇಕಿಲ್ಲ. ಚಿನ್ನಕ್ಕೆ ಇರುವ ಒಂದೇ ಗುಣ ತುಕ್ಕು ಹಿಡಿಯದಿರುವುದು. ಗದ್ದಲ ತಡೆಯುವ ಶಕ್ತಿ ಅದಕ್ಕೆ ಇಲ್ಲ.

ಮೈಕೂ ಮಿಕ್ಸರೂ ಎರಡೂ ಮೂರು ಪಿನ್ನಿನವೇ ಆಗಿರಬೇಕು, ಒಂದು ತುದಿಯಲ್ಲಿ ಜ್ಯಾಕ್ ಬೆಸುಗೆ ಹಾಕಿಸಿಕೊಂಡರೆ ಮಾಡಿದ್ದೆಲ್ಲ ನೀರುಪಾಲು. ಮಿಕ್ಸರ್, ಆಂಪ್ಲಿಫೈಯರ್ ಎರಡನ್ನೂ ಒಂದೇ ಬೋರ್ಡಿಗೆ ಚುಚ್ಚಿ. ಒಂದನ್ನು ಗರ್ಭಗುಡಿ ಕಡೆಯ ಪ್ಲಗ್ಗಿಗೆ, ಇನ್ನೊಂದನ್ನು ಅಡಿಗೆಮನೆ ಪ್ಲಗ್ಗಿಗೆ ಹಾಕಿದರೆ ಎರಡು ಅರ್ಥ್‌ಗಳ ನಡುವೆ ಕರೆಂಟು ಸುತ್ತಿ ಝೂಂ ಅನ್ನುತ್ತದೆ. ಮೈಕ್ ಕೇಬಲ್ ಕರೆಂಟ್ ವೈರಿನ ಜೊತೆ ಜೋಡಿಯಾಗಿ ಹೋಗಬಾರದು, ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ. ಇನ್ನೊಂದು, ಅರ್ಥ್ ಗುಂಡಿ. ಎರೆಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಒಣಗಿದ ಮಣ್ಣು ಅರ್ಥ್ ಹಿಡಿಯುವುದಿಲ್ಲ. ಮಾರ್ಚಿನಿಂದ ಮಳೆ ಬರುವವರೆಗೆ ವಾರಕ್ಕೊಮ್ಮೆ ಒಂದೆರಡು ಕೊಡ ನೀರು ಹಾಕಿ, ಎಲೆಕ್ಟ್ರಿಷಿಯನ್ ಕರೆಸಿ ಒಮ್ಮೆ ಅಳತೆ ಮಾಡಿಸಿ.

ಪ್ರಶ್ನೆ: ಹಾಲ್‌ನಿಂದ ಅಂಗಳಕ್ಕೆ ಸ್ಪೀಕರ್ ಒಯ್ಯಬೇಕು, 20 ಮೀಟರ್ ಆಗುತ್ತದೆ. ಯಾವ ವೈರ್ ಎಳೆಯಲಿ? ಇಲ್ಲಿ ಸ್ಪೀಕರ್ ವೈರು ಅಂತ ಪಾರದರ್ಶಕದ್ದು ಅಗ್ಗಕ್ಕೆ ಸಿಗುತ್ತದೆ. — ಕೊಪ್ಪಳ

ಉತ್ತರ: ಆ ಪಾರದರ್ಶಕ ವೈರು ದೂರದಿಂದ ಚಂದ. ಬ್ಲೇಡಿನಿಂದ ಒಂದು ಎಳೆ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಪದರ ಅಷ್ಟೆ. ತಾಮ್ರಕ್ಕೆ ಹೋಲಿಸಿದರೆ ಅಡ್ಡಿ ಒಂದೂವರೆ ಪಟ್ಟು. ಕೈಯಲ್ಲಿ ಹಿಡಿದರೂ ಹಗುರ.

20 ಮೀಟರ್ ಅಂದರೆ ಹೋಗಿ ಬರುವುದು 40. ಅರ್ಧ ಚದರ ಮಿಲಿಮೀಟರಿನ ಸಣ್ಣ ವೈರಿನಲ್ಲಿ ತಾಮ್ರವೇ ಆದರೂ ಒಂದೂವರೆ ಓಂ ಹತ್ತಿರ ಹೋಗುತ್ತದೆ. 8 ಓಂ ಸ್ಪೀಕರಿಗೆ ಸೇರಬೇಕಾದ ಪವರಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಖೋತಾ. 2.5ರ ವೈರಿನಲ್ಲಿ 0.3 ಓಂ, ಅದು ನಡೆಯುತ್ತದೆ. ವೈರಿನ ಅಡ್ಡಿ ಸ್ಪೀಕರಿನ ಓಂನ ನೂರಕ್ಕೆ ಐದರೊಳಗೆ ಇರಲಿ, ಅಷ್ಟು ಸಾಕು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಮನೆ ವೈರಿಂಗಿನ ಐಎಸ್‌ಐ ಗುರುತಿನ 2.5 ತಾಮ್ರದ ವೈರು ಎರಡು ಬಣ್ಣದ್ದು ತನ್ನಿ, ಪೈಪಿನೊಳಗೆ ಎಳೆಯಿರಿ. ಅದೇ ಪೈಪಿನಲ್ಲಿ ಕರೆಂಟ್ ವೈರು ಬೇಡ. ಹೊಲದ ಆ ತುದಿವರೆಗೂ ಒಯ್ಯುತ್ತೇನೆ ಎಂದರೆ ಆಗ ಲೆಕ್ಕ ಬೇರೆ. ಜಾತ್ರೆಗೆ ಹಾರ್ನ್ ಕಟ್ಟುವವರು ಬಳಸುವ 100 ವೋಲ್ಟ್ ಲೈನ್ ಬೇಕು, ಪ್ರತಿ ಹಾರ್ನಿಗೆ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತದಲ್ಲ, ಅದು.

ಪ್ರಶ್ನೆ: 15 ಸಾವಿರದ ಪವರ್ ಕಾರ್ಡ್ ಹಾಕಿದರೆ ಆಂಪ್ಲಿಫೈಯರ್ ಚೆನ್ನಾಗಿ ಹಾಡುತ್ತದಂತೆ, ಹೌದಾ? — ಸಿಂಧನೂರು

ಉತ್ತರ: ನೀವು ಇರುವುದು ರಾಯಚೂರು ಜಿಲ್ಲೆಯಲ್ಲಿ ಸ್ವಾಮಿ! ಶಕ್ತಿನಗರದಲ್ಲಿ 1985ರಿಂದ ಕರೆಂಟು ಹುಟ್ಟುತ್ತಿದೆ, ಈಗ ಎಂಟು ಘಟಕ, 1,720 ಮೆಗಾವಾಟ್. ಇತ್ತ ನಮ್ಮ ಕುಡತಿನಿಯಲ್ಲಿ ಇನ್ನೊಂದು. ಅಲ್ಲಿಂದ ಗ್ರಿಡ್ಡಿಗೆ ಸೇರಿ, ಟವರಿನಿಂದ ಟವರಿಗೆ ಅಲ್ಯೂಮಿನಿಯಂ ತಂತಿಯಲ್ಲಿ ಜೋತಾಡಿ, ಸಬ್‌ಸ್ಟೇಷನ್ ದಾಟಿ, ನಿಮ್ಮ ಓಣಿಯ ಟ್ರಾನ್ಸ್‌ಫಾರ್ಮರಿಗೆ ಬಂದು, ಕಂಬದಿಂದ ಮೀಟರಿಗೆ ಇಳಿದು, ಗೋಡೆಯೊಳಗಿನ ಮಾಮೂಲಿ ವೈರಿನಲ್ಲಿ ಪ್ಲಗ್ಗಿನವರೆಗೆ ಬಂದ ಕರೆಂಟಿಗೆ ಕೊನೆಯ ಒಂದು ಮೀಟರಿನಲ್ಲಿ ಸಂಸ್ಕಾರ ಕೊಡಿಸುತ್ತೀರಾ? ಆಂಪ್ಲಿಫೈಯರ್ ಒಳಗೆ ಹೋದ ಕೂಡಲೇ ಟ್ರಾನ್ಸ್‌ಫಾರ್ಮರ್, ಡಯೋಡ್, ದೊಡ್ಡ ಕೆಪಾಸಿಟರ್ ಸೇರಿ ಅದನ್ನು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು, ಮಾಡಿಬಿಡುತ್ತವೆ. ಯಾವ ಕಾರ್ಡಿನಿಂದ ಬಂತು ಎಂದು ಆಮೇಲೆ ಯಾರೂ ಕೇಳುವುದಿಲ್ಲ. ವೋಲ್ಟೇಜ್ ಏರಿಳಿತ ಜಾಸ್ತಿ ಇದ್ದರೆ ಒಂದು ಸ್ಟೆಬಿಲೈಸರ್ ತನ್ನಿ.

ಪ್ರಶ್ನೆ: ಟಿವಿಗೆ 6 ಸಾವಿರದ ಎಚ್‌ಡಿಎಂಐ ಕೇಬಲ್ ಹಾಕಿದರೆ ಚಿತ್ರ, ಧ್ವನಿ ಸುಧಾರಿಸುತ್ತದಾ? — ಬಳ್ಳಾರಿ

ಉತ್ತರ: ಇಲ್ಲ. ಅದರೊಳಗೆ ಹೋಗುವುದು ಒಂದು, ಸೊನ್ನೆ. ತಲುಪಿದರೆ ಪೂರ್ತಿ ತಲುಪುತ್ತದೆ, ತಪ್ಪಿದರೆ ಚಿತ್ರದಲ್ಲಿ ಚುಕ್ಕಿ ಮಿನುಗುತ್ತದೆ ಇಲ್ಲವೇ ಪರದೆ ಕಪ್ಪಾಗುತ್ತದೆ. ಬಣ್ಣ ಸ್ವಲ್ಪ ಗಾಢ, ಧ್ವನಿ ಸ್ವಲ್ಪ ಮಧುರ ಅನ್ನುವ ಮಧ್ಯದ ಸ್ಥಿತಿ ಇಲ್ಲ. ಎರಡು ಮೀಟರಿಗೆ ಹೈ ಸ್ಪೀಡ್ ಎಂದು ಗುರುತು ಇರುವ ಕೆಲವು ನೂರು ರೂಪಾಯಿಯದು ಸಾಕು. ಹತ್ತು ಮೀಟರ್ ದಾಟಿ 4ಕೆ ಒಯ್ಯುವುದಾದರೆ ಮಾತ್ರ ಆಪ್ಟಿಕಲ್ ಎಳೆಯ ಒಳ್ಳೆ ಕೇಬಲ್ ಹುಡುಕಿ.

ಪ್ರಶ್ನೆ: ಹಳೇ ವೈರನ್ನೇ ಇಟ್ಟುಕೊಂಡಿದ್ದೇನೆ. ಅದಕ್ಕೆ ಏನಾದರೂ ಮಾಡಬೇಕಾ? ಸ್ಪೀಕರಿನ ಪ್ಲಸ್ ಮೈನಸ್ ಉಲ್ಟಾ ಇದೆಯಾ ಅಂತ ಹೇಗೆ ಗೊತ್ತಾಗುತ್ತದೆ? — ಗಂಗಾವತಿ

ಉತ್ತರ: ವರ್ಷಕ್ಕೊಮ್ಮೆ, ದೀಪಾವಳಿಗೆ ಮನೆ ಸುಣ್ಣ ಬಣ್ಣ ಮಾಡುವಾಗ ಈ ಕೆಲಸ ಇಟ್ಟುಕೊಳ್ಳಿ. ಆಂಪ್ಲಿಫೈಯರ್ ಆಫ್ ಮಾಡಿ, ಪ್ಲಗ್ ಕೂಡ ಕಿತ್ತು, ಎಲ್ಲ ಪಿನ್ನುಗಳನ್ನೂ ಹೊರಗೆಳೆದು, ಮೊಬೈಲ್ ರಿಪೇರಿಯವರ ಹತ್ತಿರ ಸಿಗುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ದ್ರವದಲ್ಲಿ ಬಟ್ಟೆ ಅದ್ದಿ ಒರೆಸಿ, ಒಣಗಿದ ಮೇಲೆ ಎರಡು ಮೂರು ಸಲ ತಿರುಗಿಸಿ ತಿರುಗಿಸಿ ಹಾಕಿ. ವೈರಿನ ತುದಿ ಕಪ್ಪಾಗಿದ್ದರೆ ಒಂದಿಂಚು ಕತ್ತರಿಸಿ ಹೊಸದಾಗಿ ಬಿಡಿಸಿ.

ಉಲ್ಟಾ ಪರೀಕ್ಷೆಗೆ ಗೋಡೆ ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ ಸಾಕು. ಆಂಪ್ಲಿಫೈಯರ್ ಕಡೆಯ ತುದಿ ಬಿಚ್ಚಿ, ಪ್ಲಸ್ ಎಂದು ನೀವು ಅಂದುಕೊಂಡ ವೈರನ್ನು ಸೆಲ್ಲಿನ ಪ್ಲಸ್ಸಿಗೆ, ಇನ್ನೊಂದನ್ನು ಮೈನಸ್ಸಿಗೆ ಒಂದು ಕ್ಷಣ ಮುಟ್ಟಿಸಿ. ಟಪ್ ಎಂದು ಕೋನ್ ಹೊರಗೆ ಬರಬೇಕು. ಎರಡು ಸ್ಪೀಕರಿನಲ್ಲಿ ಒಂದು ಹೊರಗೆ, ಒಂದು ಒಳಗೆ ಹೋದರೆ ಒಂದು ಕಡೆ ಉಲ್ಟಾ ಇದೆ ಎಂದೇ ಅರ್ಥ, ಒಳಗೆ ಹೋದದ್ದರ ವೈರನ್ನು ಅದಲು ಬದಲು ಮಾಡಿ. ಮತ್ತೆ ಜೋಡಿಸುವಾಗ ಎರಡು ತುದಿಯ ಬಿಡಿ ಎಳೆಗಳು ಒಂದಕ್ಕೊಂದು ತಾಗದ ಹಾಗೆ ನೋಡಿಕೊಳ್ಳಿ. ತಾಗಿದರೆ ಆಂಪ್ಲಿಫೈಯರಿನ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಡಬಹುದು, ಆಮೇಲೆ ನನಗೆ ರಿಪೇರಿ ಬಗ್ಗೆ ಪತ್ರ ಬರೆಯಬೇಕಾಗುತ್ತದೆ.